ಆಣೆಗೊಂದು ಟಗರು

ಮಕೆದೋನಿಯಾದ ದೊರೆ ಮತ್ತೆ ಪಕ್ಷ ಬದಲಾಯಿಸಿದ್ದ. ವಸಂತದಲ್ಲಿ ಅಥೆನ್ಸಿನವರನ್ನು ತಬ್ಬಿಕೊಂಡು ಆಣೆ ಮಾಡಿದವನು, ದ್ರಾಕ್ಷಿ ಮಾಗುವ ಹೊತ್ತಿಗೆ ಅವರ ಹಗೆಗಳಾದ ಸ್ಪಾರ್ಟದವರ ಜೊತೆ ಕೂತು ಉಣ್ಣುತ್ತಿದ್ದ. ದೊರೆಗಳ ಪಾಡು ದೊರೆಗಳಿಗೆ, ನಮಗೇನು ಅನ್ನಬಹುದು. ಆದರೆ ಪ್ರತಿ ಆಣೆಗೂ ದೇವರ ಮುಂದೆ ಒಂದು ಟಗರು ಕಡಿಯಬೇಕಲ್ಲ, ಅದು ಅರಮನೆಯ ಹಿಂದಿನ ಕೇರಿಯಿಂದಲೇ ಹೋಗಬೇಕು.

ಆ ಕೇರಿಯ ಕುಂಬಾರ ಮಖಾತನಿಗೆ ಇದ್ದದ್ದು ಒಂದೇ ಟಗರು. ನಾಳೆ ಮಗಳ ಮದುವೆ ಊಟಕ್ಕೆಂದು ವರ್ಷವಿಡೀ ಮೇಯಿಸಿ ಕೊಬ್ಬಿಸಿದ್ದ.

"ಅರಮನೆಯವ್ರು ಟಗರು ಹುಡುಕ್ತಾ ಬರ್ತಿದಾರೆ ಕಣಯ್ಯ," ಎಂದು ನೆರೆಮನೆಯ ಕ್ರಾತೆವ ಬೇಲಿಯ ಮೇಲಿಂದ ಇಣುಕಿದ. "ಊನ ಇರೋದನ್ನ ದೇವ್ರು ಒಪ್ಪಲ್ಲ. ಕಿವಿ ಒಂಚೂರು ಕೊಯ್ದುಬಿಡು, ಮುಟ್ಟಲ್ಲ ಅವ್ರು."

ತನ್ನ ಟಗರಿನ ಕಿವಿ ಮಾತ್ರ ಕ್ರಾತೆವ ಕೊಯ್ದಿರಲಿಲ್ಲ. ಮೊದಲು ಮಖಾತನದು ಏನಾಗುತ್ತದೋ ನೋಡೋಣ ಎಂದುಕೊಂಡಿದ್ದ.

ಮಖಾತ ಕತ್ತರಿ ತಂದ. ಕಿವಿ ಕೊಯ್ದದ್ದೇ ತಡ, ಟಗರು ಅವನನ್ನು ಗುಮ್ಮಿ ಹಸಿ ಮಡಕೆಗಳ ಮೇಲೆ ಕೆಡವಿತು. ಓಡುವ ರಭಸಕ್ಕೆ ಬಾಗಿಲ ಕಂಬಕ್ಕೆ ಬಡಿದು ಅದರ ಕೊಂಬು ಮುರಿಯಿತು. ತಡೆಯಲೆಂದು ಕ್ರಾತೆವ ಎಸೆದ ದೊಣ್ಣೆ ಕಾಲಿಗೆ ಬಿದ್ದು ಟಗರು ಕುಂಟತೊಡಗಿತು.

"ನೀವು ಸಹಾಯ ಮಾಡಿದ್ದು ಸಾಕು ಮಾರಾಯ್ರೆ," ಎಂದಳು ಮಖಾತನ ಹೆಂಡತಿ ಥೆಟಿಮಾ.

"ಮಡಕೆ ಹೋದ್ರೆ ಹೋಗ್ಲಿ ಬಿಡೇ. ಇನ್ನು ಇದನ್ನ ಯಾವ ದೇವ್ರು ಕೇಳ್ತಾನೆ?" ಮಖಾತ ಸೊಂಟ ಹಿಡಿದುಕೊಂಡೇ ನಕ್ಕ. ಬಹಳ ದಿನಗಳ ಮೇಲೆ ಅವನ ಮನಸ್ಸು ಹಗುರಾಗಿತ್ತು.

ಮಧ್ಯಾಹ್ನ ಅರಮನೆಯ ಕಾರಭಾರಿ ಬಂದ. ಕ್ರಾತೆವನ ದಷ್ಟಪುಷ್ಟ ಟಗರನ್ನು ನೋಡಿ, ಬೇಡವೆಂದು ತಲೆಯಾಡಿಸಿ ಈಚೆ ಬಂದ. ಮಖಾತನದನ್ನು ಕಂಡದ್ದೇ ಮುಖ ಅರಳಿತು.

"ಬೆಳಗ್ಗಿಂದ ಇಂಥದ್ದನ್ನೇ ಹುಡುಕ್ತಿದ್ದೆ ಕಣಪ್ಪ," ಎಂದು ಹಗ್ಗ ಬಿಚ್ಚಿದ.

"ಸ್ವಾಮಿ, ಊನ ಇರೋದನ್ನ ದೇವ್ರು ಒಪ್ಪಲ್ವಲ್ಲ?"

"ಒಪ್ಪಬಾರ್ದು ಅಂತಾನೇ." ಕಾರಭಾರಿ ದನಿ ತಗ್ಗಿಸಿದ. "ದೇವ್ರು ಒಪ್ಪಿಬಿಟ್ರೆ ಆಣೆ ಕಟ್ಟಿಹಾಕ್ಬಿಡುತ್ತೆ. ಆಮೇಲೆ ದೊರೆ ಮತ್ತೆ ಅಥೆನ್ಸಿನವ್ರ ಕಡೆ ಹೋಗೋದು ಹ್ಯಾಗೆ? ತಲೆ ತುಂಬ ಹೂವು ಸುತ್ತಿದ್ರೆ ಸ್ಪಾರ್ಟದವ್ರಿಗೇನೂ ಕಾಣಲ್ಲ ಬಿಡು."

ಕುಂಟುತ್ತಿದ್ದ ಟಗರನ್ನು ಎಳೆದುಕೊಂಡು ಹೊರಟವನು ಬಾಗಿಲಲ್ಲಿ ನಿಂತು, ಮಖಾತನ ಬೆನ್ನು ತಟ್ಟಿದ. "ಒಳ್ಳೆ ಕೈಗುಣ ಕಣಯ್ಯ ನಿಂದು. ಇನ್ಮೇಲೆ ಎಲ್ಲಾ ಆಣೆಗೂ ನಿನ್ನ ಮನೆಯದೇ ಟಗರು ಅಂತ ದೊರೆಗೆ ಹೇಳ್ತೀನಿ."

ಥೆಟಿಮಾ ಒಳಗೆ ಹೋಗಿ, ಮದುವೆ ಊಟಕ್ಕೆ ಬೇಳೆ ನೆನೆಹಾಕಿದಳು.