ಅಜ್ಜಂಪುರದ ಕಣದಲ್ಲಿ ರಾಶಿ ಗುಡಿಸಿದ ಯಂತ್ರಕ್ಕೆ

ಮಾನ್ಯ ಗುಡಿಸುವ ಯಂತ್ರದವರ ಸನ್ನಿಧಿಗೆ,

ಅಜ್ಜಂಪುರದಿಂದ ಚನ್ನಬಸಪ್ಪನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂಬುದು ಬರೀ ಬರವಣಿಗೆಯ ಮರ್ಯಾದೆ; ನೆಲದ ಮೇಲೆ ಬಿದ್ದದ್ದನ್ನೆಲ್ಲ ಬಳಿದು ಹಾಕುವ ತಮ್ಮೆದುರು ಉದ್ದಕ್ಕೆ ಮಲಗುವ ಧೈರ್ಯ ನನಗಿಲ್ಲವಾದ್ದರಿಂದ, ನಿಂತೇ ಕೈ ಮುಗಿದಿದ್ದೇನೆಂದು ತಿಳಿಯಬೇಕು.

ಕಳೆದ ಸೋಮವಾರ ಮಧ್ಯಾಹ್ನ, ನನ್ನ ಅತ್ತಿಗೆ ಪಾಪಮ್ಮನವರು ನಮ್ಮ ಕಣದಲ್ಲಿ ರಾಗಿಯ ರಾಶಿಗೆ ಪೂಜೆ ಮಾಡಲು ಅಣಿಯಾಗಿ ಕುಳಿತಿದ್ದ ಹೊತ್ತಿನಲ್ಲಿ, ತಾವು ಬಂದು ಆ ರಾಶಿಯನ್ನು ಒಂದು ಕಾಳೂ ಉಳಿಯದಂತೆ ಗುಡಿಸಿದಿರಿ. ಗುಡಿಸಿದ ಮೇಲೆ ಪರದೆಯ ಮೂಲೆಯಲ್ಲಿ ಹಸಿರು ಅಕ್ಷರದಲ್ಲಿ, ‘ನೆಲದ ಮೇಲಿನ ಅನಗತ್ಯ ವಸ್ತುಗಳನ್ನು ತೆಗೆಯಲಾಗಿದೆ, ಸಹಕರಿಸಿದ್ದಕ್ಕೆ ವಂದನೆಗಳು’ ಎಂದು ಬರೆದಿರಿ. ವಂದನೆ ತಲುಪಿದೆ. ಸಹಕರಿಸಿದ ನೆನಪು ಮಾತ್ರ ನಮ್ಮಲ್ಲಿ ಯಾರಿಗೂ ಇಲ್ಲ.

ಇದು ಬಹಿರಂಗ ಪತ್ರವಾದ್ದರಿಂದ ವಿಷಯ ತಿಳಿಯದ ಓದುಗರಿಗೆ ಎರಡು ಮಾತು ಹೇಳಬೇಕು. ಈ ಕಣ ಇರುವುದು ಕಂಪ್ಯೂಟರಿನ ಆಟವೊಂದರ ಒಳಗೆ. ಮಣ್ಣು, ಮರ, ದನ, ಮೋಡ ಎಲ್ಲವೂ ಇಟ್ಟಿಗೆಯಂತೆ ಚೌಕವಾಗಿರುವ ಆ ಲೋಕದಲ್ಲಿ ಸೋಲು ಗೆಲುವಿಲ್ಲ. ಅಗೆಯಬಹುದು, ಕಟ್ಟಬಹುದು, ಉಳಬಹುದು, ಯಂತ್ರ ಹೂಡಬಹುದು. ಮೂಲ ಆಟದಲ್ಲಿಲ್ಲದ ಯಂತ್ರಗಳನ್ನೂ ಬೆಳೆಗಳನ್ನೂ ಹೊರಗಿನಿಂದ ತಂದು ಸೇರಿಸಿಕೊಳ್ಳುವುದೂ ಉಂಟು, ಅದಕ್ಕೆ ಮಾಡ್ ಎನ್ನುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರದ ಒಂದಷ್ಟು ಜನ ಕೂಡಿ ಅಲ್ಲಿಯೂ ಇದೇ ಹೆಸರಿನ ಮೂರು ಊರು ಕಟ್ಟಿಕೊಂಡಿದ್ದೇವೆ. ಈ ಸಮಸ್ತ ಸೃಷ್ಟಿಯನ್ನು ಹೊತ್ತಿರುವ ಕಂಪ್ಯೂಟರು, ಅಂದರೆ ಸರ್ವರ್, ತರೀಕೆರೆ ಬಸ್ ನಿಲ್ದಾಣದ ಹತ್ತಿರ ಹರ್ಷಿತ್ ಎಂಬುವನ ಮೊಬೈಲ್ ರಿಪೇರಿ ಅಂಗಡಿಯ ಹಿಂಬದಿಯಲ್ಲಿದೆ. ಅಜ್ಜಂಪುರ ತಾಲ್ಲೂಕಾಗಲಿ ಎಂದು ವರ್ಷಗಟ್ಟಲೆ ಕೂಗಿ, ಆದ ದಿನ, ಇನ್ನು ಪ್ರತಿಯೊಂದಕ್ಕೂ ತರೀಕೆರೆಗೆ ಓಡುವುದು ತಪ್ಪಿತಲ್ಲ ಎಂದು ಪೇಡ ಹಂಚಿದವರಲ್ಲಿ ನಾನೂ ಒಬ್ಬ. ಈಗ ಆಟದಲ್ಲಿ ನನ್ನ ಮನೆಗೊಂದು ಕಿಟಕಿ ಕೂರಿಸಿದರೆ, ಕೂತಿತು ಎಂಬ ಅಪ್ಪಣೆ ತರೀಕೆರೆಯಿಂದಲೇ ಬರಬೇಕು.

ಆ ಅಪ್ಪಣೆ ಬರುವುದು ಸುಗ್ಗಿಯ ಹೊತ್ತಿಗೆ ತೀರಾ ತಡವಾಗತೊಡಗಿತು. ಈ ಕಾಯಿಲೆಗೆ ಲ್ಯಾಗ್ ಎಂದು ಹೆಸರು. ಕೊಡಲಿ ಬೀಸಿ, ಎದ್ದು ಹೋಗಿ ಕಾಫಿಗೆ ನೀರಿಟ್ಟು ಬಂದರೆ ಆಗ ಮರ ಬೀಳುತ್ತಿತ್ತು. ಕಡೂರಿನ ಶಶಿ ತನ್ನ ಮನೆಯೊಳಗೆ ಹೋಗಿ ಕುಳಿತ ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆಯಿತು, ತೆರೆದ ಮೇಲೆ ನೋಡಿದರೆ ಅವನು ಇನ್ನೂ ಹೊರಗೇ ಇದ್ದ. ಬೆಳಿಗ್ಗೆ ಟ್ರಂಕ್ ಕಾಲ್ ಬುಕ್ ಮಾಡಿ ಸಂಜೆಯವರೆಗೆ ಬೆಂಚಿನ ಮೇಲೆ ಕಾದವರು ನಾವು, ಬೀರೂರಿನಲ್ಲಿ ಕ್ರಾಸಿಂಗ್‌ಗೆಂದು ನಿಂತ ಪ್ಯಾಸೆಂಜರಿನಲ್ಲಿ ಇಡೀ ಪೊಟ್ಟಣ ಕಡಲೆಕಾಯಿ ತಿಂದು ಮುಗಿಸಿದವರು ನಾವು. ನಮ್ಮ ತಲೆಮಾರಿಗೆ ಲ್ಯಾಗ್ ಹಳೆಯ ನೆಂಟ. ಹುಡುಗರಿಗೆ ಮಾತ್ರ ಪ್ರಳಯವೇ ಬಂದಂತಾಯಿತು.

ಕಾರಣ ಹುಡುಕುವ ಕ್ರಮವೇನೋ ಸರಿಯಾಗಿಯೇ ಇತ್ತು: ಒಂದೊಂದೇ ಯಂತ್ರವನ್ನು ನಿಲ್ಲಿಸುತ್ತ ಬರುವುದು, ಯಾವುದು ನಿಂತಾಗ ಲೋಕ ಚುರುಕಾಗುತ್ತದೋ ಅದೇ ಕಳ್ಳ. ಆದರೆ ಯಾರದನ್ನು ಮೊದಲು ನಿಲ್ಲಿಸುವುದು? ಎಲ್ಲರೂ ಫೋನಿನಲ್ಲಿ ಒಟ್ಟಿಗೆ ಸೇರಿದ್ದೆವು.

‘ಲೇ ಶಶಿ, ನಿನ್ ಕೋಳಿಗಳ್ನ ಮೊದ್ಲು ನಿಲ್ಸೋ. ಅವು ಮೊಟ್ಟೆ ಇಕ್ಕೋ ರಭಸಕ್ಕೇ ಸರ್ವರ್ ಉಸಿರು ಕಟ್ತೈತೆ’ ಎಂದ ಹರ್ಷಿತ್.

‘ನನ್ ಕೋಳಿ ಏನ್ ಮಾಡಿದ್ವಪ್ಪಾ? ನಿನ್ ಅಡಿಕೆ ಸುಲಿಯೋ ಮಿಷಿನ್ನು ಹೊತ್ತಿಲ್ಲ ಗೊತ್ತಿಲ್ಲ ಗಿರಗಿರ ಅಂತೈತಲ್ಲ, ಅದ್ನ ನಿಲ್ಸು ನೋಡಣ.’

‘ಅದು ನಿಂತ್ರೆ ತಿರ್ಗಾ ಹೊರಡಲ್ಲ ಕಣೋ.’

ಕೋಳಿಗಳು ಮೊಟ್ಟೆಯಿಡುವುದನ್ನು ನಿಲ್ಲಿಸಿದವು, ಲ್ಯಾಗ್ ನಿಲ್ಲಲಿಲ್ಲ. ಕಡೂರಿನ ನೀರೆತ್ತುವ ಪಂಪು ನಿಂತಿತು, ನನ್ನ ಇಟ್ಟಿಗೆ ಗೂಡು ಆರಿತು. ಲೋಕ ತೆವಳುತ್ತಲೇ ಇತ್ತು. ತರೀಕೆರೆಯ ಅಡಿಕೆ ಯಂತ್ರದ ಬಾಗಿಲಿಗೆ ತನಿಖೆ ಬಂದಾಗಲೆಲ್ಲ ಅದೇನೋ ಊಟದ ಹೊತ್ತಾಗಿಬಿಡುತ್ತಿತ್ತು. ಊಟ ಮುಗಿಸಿ ಬರುವಷ್ಟರಲ್ಲಿ ಎಲ್ಲರ ಕಣ್ಣೂ ನಮ್ಮ ಕಣದ ಮೇಲೆ ಬಿದ್ದಿತ್ತು.

ಕಣದ ಸಂಗತಿ ಹೀಗಿದೆ. ಪಾಪಮ್ಮತ್ತಿಗೆಯ ಹೊಲದ ರಾಗಿಯನ್ನು ಈಗ ಬಾಡಿಗೆಯ ಕಟಾವು ಯಂತ್ರ ಹೊಲದಲ್ಲೇ ಕೊಯ್ದು, ಬಡಿದು, ಟ್ರೈಲರಿಗೆ ಸುರಿದು, ಮುಂದಿನ ಹೊಲಕ್ಕೆ ಹೊರಟುಬಿಡುತ್ತದೆ. ಸಗಣಿ ಸಾರಿಸಿದ ಕಣವಿಲ್ಲ, ತೂರುವವರಿಲ್ಲ, ನೆತ್ತಿಯ ಮೇಲೆ ಬೆನಕನನ್ನಿಟ್ಟುಕೊಂಡು ಕೂರುವ ರಾಶಿಯಿಲ್ಲ. ಒಂದು ಕಾಲಕ್ಕೆ ನಮ್ಮ ಬೀದಿಯ ಯಾರ ಕಣದಲ್ಲಿ ರಾಶಿಯಾದರೂ ಮೊದಲ ಆರತಿಗೆ ಅತ್ತಿಗೆಯನ್ನೇ ಕರೆಯುತ್ತಿದ್ದರು. ಕರೆಯುವವರು ನಿಂತು ವರ್ಷಗಳಾದವು. ಅವರ ಮೊಮ್ಮಗಳು ನಿಶ್ಚಿತಾ, ಡಿಪ್ಲೊಮಾ ಓದುತ್ತಿರುವವಳು, ಆಟದ ಗೋಧಿಗೆ ರಾಗಿ ತೆನೆಯ ಚಿತ್ರ ಅಂಟಿಸಿದಳು. ಕೊಯ್ಯುವುದಕ್ಕೊಂದು, ಬಡಿಯುವುದಕ್ಕೊಂದು ಯಂತ್ರ ಹೂಡಿದಳು. ಕಾಳು ತಾನೇ ಓಡುವ ಪಟ್ಟಿಯ ಮೇಲೆ ಸಾಗಿ ಬಂದು ಕಣದ ನಡುಮಧ್ಯಕ್ಕೆ ಸುರಿಯುವಂತೆ ಮಾಡಿ, ‘ಅಜ್ಜೀ, ಈ ರಾಶಿಗೆ ನೀನೇ ಆರತಿ ಎತ್ಬೇಕು’ ಎಂದಳು. ಅತ್ತಿಗೆ ಆ ದಿನ ಎರಡು ಸಲ ಬಂದು ಪರದೆ ನೋಡಿ ಹೋದರು.

ಪ್ರಪಂಚದಲ್ಲಿ ಯಾವ ಆಟಗಾರನೂ ಮಾಡಿರಲಾರದ ಕೆಲಸವನ್ನು ನಮ್ಮವರು ಮಾಡಿದ್ದು ಇಲ್ಲಿ. ಪಟ್ಟಿಯ ತುದಿಗೊಂದು ಪೆಟ್ಟಿಗೆ ಇಡುವುದು ಆಟದ ವಾಡಿಕೆ. ಕಾಳು ಅದರೊಳಗೆ ಬಿದ್ದರೆ ಸರ್ವರಿಗೆ ಹಗುರ. ನಿಶ್ಚಿತಾ ಪೆಟ್ಟಿಗೆ ಇಡಲು ಹೋದಾಗ ಅತ್ತಿಗೆ ಬೈದರು: ‘ಏನೇ ನೀನು, ಪೂಜೆ ಆಗ್ದಲೆ ಯಾರಾನ ಚೀಲಕ್ಕೆ ತುಂಬ್ತಾರೇನೇ? ರಾಶಿ ನೆಲದ್ ಮ್ಯಾಲೆ ಕಾಣ್ಬೇಕು ಕಣೇ.’ ಪೆಟ್ಟಿಗೆ ಬರಲಿಲ್ಲ. ಪೂಜೆಯ ದಿನಕ್ಕೆ ಚೌಳಹಿರಿಯೂರಿನಲ್ಲಿ ನೆಂಟರ ಸೀಮಂತ ಅಡ್ಡ ಬಂತು, ಸೀಮಂತದ ಹಿಂದೆಯೇ ಅಮಾವಾಸ್ಯೆ ಬಂತು. ಯಂತ್ರಕ್ಕೆ ಅಮಾವಾಸ್ಯೆ ಇಲ್ಲ. ಅದು ಸುರಿಯುತ್ತಲೇ ಇತ್ತು. ರಾಶಿ ಗುಡ್ಡವಾಯಿತು. ನೆಲದ ಮೇಲಿರುವ ಪ್ರತಿಯೊಂದು ಕಾಳಿನ ಲೆಕ್ಕವನ್ನೂ ಸರ್ವರ್ ಗಳಿಗೆಗಳಿಗೆಗೂ ಇಡಬೇಕಂತೆ, ಅದಕ್ಕೇ ಅದು ಏದುಸಿರು ಬಿಡುತ್ತಿದೆಯಂತೆ. ಅಳೆಯುವ ಮೊದಲು ರಾಶಿಯನ್ನು ಎಣಿಸಬಾರದು, ಎಣಿಸಿದರೆ ಹುಲುಸು ಹೋಗುತ್ತದೆ ಎಂಬುದು ನಮ್ಮ ಹಿರಿಯರ ಕಟ್ಟಳೆ. ಕೇಳಿದ್ದರೆ ಸರ್ವರಿಗೂ ಹೇಳಿಕೊಡುತ್ತಿದ್ದೆವು.

ಇಂಥ ಸಂಕಟಕಾಲದಲ್ಲಿ ನೆಲಕ್ಕೆ ಬಿದ್ದದ್ದನ್ನೆಲ್ಲ ತಾನಾಗಿ ಗುಡಿಸುವ ಮಾಡ್ ಆದ ತಮ್ಮನ್ನು ಹರ್ಷಿತ್ ಎಲ್ಲಿಂದಲೋ ಕರೆತಂದು ಆಟಕ್ಕೆ ಸೇರಿಸಿದ. ತಮ್ಮ ಗುಣಗಳನ್ನು ಎಷ್ಟು ಹೊಗಳಿದರೂ ಸಾಲದು. ಶಶಿಯ ಒಡೆದ ಮೊಟ್ಟೆ, ನನ್ನ ಕೈಜಾರಿ ಬಿದ್ದ ವಜ್ರದ ಪಿಕಾಸಿ, ಅತ್ತಿಗೆಯ ರಾಶಿ, ಎಲ್ಲವೂ ತಮಗೆ ಒಂದೇ. ಮೇಲುಕೀಳಿಲ್ಲದ ಇಂಥ ಸಮದೃಷ್ಟಿಗಾಗಿ ಮಹಾಮಹಿಮರು ಶತಮಾನಗಳಿಂದ ಬೋಧಿಸುತ್ತ ಬಂದರು. ತಾವು ಅದನ್ನು ಒಂದೇ ಬೀಸಿಗೆ ಸಾಧಿಸಿದಿರಿ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದು ತಾವು ಹೇಳುವುದಿಲ್ಲ, ನಾಳೆ ಬನ್ನಿ ಎನ್ನುವುದಿಲ್ಲ. ನಮ್ಮ ಬೀದಿಯ ಚರಂಡಿ ಗುಡಿಸಿಕೊಡಿ ಎಂದು ಅರ್ಜಿ ಬರೆದೇ ನನ್ನ ಅರ್ಧ ಆಯುಸ್ಸು ಸವೆದಿದೆ. ಅರ್ಜಿಯಿಲ್ಲದೆ ಬಂದು ಗುಡಿಸುವವರನ್ನು ಇದೇ ಮೊದಲು ಕಂಡೆ. ಅವರು ಚರಂಡಿ ಬಿಟ್ಟು ದೇವರ ಮುಂದಿನ ನೈವೇದ್ಯವನ್ನು ಗುಡಿಸಿದ್ದು ಬೇರೆ ಮಾತು.

ಸೋಮವಾರ ಏನಾಯಿತೆಂದು ತಮಗೆ ಹಿಂತಿರುಗಿ ನೋಡುವ ಅಭ್ಯಾಸವಿಲ್ಲದ್ದರಿಂದ ನಾನೇ ಹೇಳುತ್ತೇನೆ. ಮೇಜಿನ ಮೇಲೆ ನಿಜವಾದ ತಟ್ಟೆಯಿತ್ತು. ಅದರಲ್ಲಿ ಗರಿಕೆ ಸಿಕ್ಕಿಸಿದ ಸಗಣಿಯ ಬೆನಕ, ಅರಿಸಿನ ಕುಂಕುಮ, ದೀಪ. ಅತ್ತಿಗೆ ನೀರು ಚಿಮುಕಿಸಲು ಕೈ ಎತ್ತಿದಾಗ ನಿಶ್ಚಿತಾ ಕೀಬೋರ್ಡನ್ನು ಎತ್ತಿಕೊಂಡು ಎದೆಗೆ ಒತ್ತಿಕೊಂಡಳು. ಪಕ್ಕದ ಮನೆಯ ಹುಚ್ಚಮ್ಮ ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು ಪರದೆಯ ಮುಂದೆ ನಿಂತು ಬೆರಗಾದರು.

‘ಅಯ್ಯೋ, ಎಷ್ಟ್ ಹುಲುಸಾಗಿ ಬಂದೈತೆ ಕಣೇ ಪಾಪಮ್ಮ! ಗೊಬ್ಬರ ಏನ್ ಹಾಕಿದ್ರೇ?’

‘ಕರೆಂಟು ಕಣೇ’ ಎಂದರು ಅತ್ತಿಗೆ. ‘ಸುಮ್ಕಿರು ಈಗ. ರಾಶಿ ಮುಂದೆ ಮಾತಾಡ್ಬಾರ್ದು.’

ಅತ್ತಿಗೆ ಆರತಿ ಎತ್ತಿದರು. ಆಗ ತಾವು ದಯಮಾಡಿಸಿದಿರಿ. ರಾಶಿಯಿದ್ದ ಕಡೆ ಬರೀ ನೆಲ, ಮೂಲೆಯಲ್ಲಿ ಹಸಿರು ಅಕ್ಷರ. ‘ಕರೆಂಟ್ ಹೋಯ್ತೇನೇ?’ ಎಂದರು ಹುಚ್ಚಮ್ಮ. ಅತ್ತಿಗೆ ತಟ್ಟೆಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು: ‘ಕಣದಾಗೆ ರಾಶಿ ಇರೋವಾಗ ಯಾರಾನ ಪೊರಕೆ ಹಿಡೀತಾರೇನಪ್ಪಾ ಚನ್ನಬಸಪ್ಪ?’

ಹರ್ಷಿತನಿಗೆ ಫೋನ್ ಮಾಡಿದೆ. ‘ಅಜ್ಜಿಗೆ ಬೇಜಾರ್ ಮಾಡ್ಕಬ್ಯಾಡಿ ಅನ್ನಿ ಅಂಕಲ್, ಅಷ್ಟೇ ರಾಗಿನ ಒಂದ್ ಕಮಾಂಡ್‌ನಾಗೆ ಸುರಿದ್‌ಕೊಡ್ತೀನಿ’ ಎಂದ. ಹಾಗೆಯೇ ಹೇಳಿದೆ. ‘ಉಳ್ದೆ ಬಿತ್ತದೆ ಬಂದದ್ದು ಭಿಕ್ಷ ಆಯ್ತೈತೆ, ರಾಶಿ ಆಗಲ್ಲ ಅಂತ ಹೇಳು’ ಎಂದರು ಅತ್ತಿಗೆ. ‘ಗುಡಿಸ್ದೋರು ಏನ್ ಗುಡಿಸ್ದೆ ಅಂತ ಎಲ್ರ ಮುಂದೆ ಹೇಳ್ಲಿ. ಆಮ್ಯಾಕೆ ಕೂರ್ತೀನಿ. ಇಲ್ದಿದ್ರೆ ಪೊರಕೆ ಬಿದ್ ಕಣದಾಗೆ ನಾನು ಕಾಲಿಕ್ಕಲ್ಲ.’ ಇದನ್ನು ಹರ್ಷಿತನಿಗೆ ಮುಟ್ಟಿಸಿದ್ದಕ್ಕೆ ಬಂದ ಉತ್ತರವೇನೆಂದರೆ, ಬರುವ ಭಾನುವಾರದೊಳಗೆ ಪಟ್ಟಿಯ ಕೆಳಗೆ ಪೆಟ್ಟಿಗೆ ಇಡದಿದ್ದರೆ ಕಣವನ್ನೇ ಅಳಿಸಲಾಗುವುದು. ನಿಶ್ಚಿತಾ ಅಂದಿನಿಂದ ಆಟದೊಳಗೆ ಹೋಗಿಲ್ಲ.

ಈಗ ತಮ್ಮ ಗುಡಿಸಾಟದಿಂದ ಲೋಕಕ್ಕಾದ ಉಪಕಾರ ನೋಡೋಣ. ಮಂಗಳವಾರ ಕಣ ಬರಿದಾಗಿತ್ತು, ಮರ ಮಾತ್ರ ಕಾಫಿ ಕುಡಿದ ಮೇಲೆಯೇ ಬೀಳುತ್ತಿತ್ತು. ಬುಧವಾರ ಹರ್ಷಿತ್ ನೆಂಟರನ್ನು ಕರೆದುಕೊಂಡು ಕೆಮ್ಮಣ್ಣುಗುಂಡಿಗೆ ಹೋದ. ಈ ಆಟದಲ್ಲಿ ಯಾವ ಊರಿನಲ್ಲಿ ಯಾರೂ ಓಡಾಡುತ್ತಿಲ್ಲವೋ ಆ ಊರು ಯಂತ್ರಗಳ ಸಮೇತ ನಿದ್ದೆ ಹೋಗುತ್ತದೆ. ತರೀಕೆರೆ ಮಲಗಿತು. ಮಲಗಿದ್ದೇ ತಡ, ಕಡೂರಿನಿಂದ ಅಜ್ಜಂಪುರದವರೆಗೆ ಇಡೀ ಲೋಕ ಹೊಸದಾಗಿ ಎಣ್ಣೆ ಬಿಟ್ಟ ಗಾಡಿಯ ಕೀಲಿನಂತೆ ಓಡಿತು. ಶಶಿಯ ಬಾಗಿಲು ಅವನು ಮುಟ್ಟಿದ ಕೂಡಲೇ ತೆರೆದು ಅವನನ್ನೇ ಬೆಚ್ಚಿಬೀಳಿಸಿತು. ಸಂಜೆ ಹರ್ಷಿತ್ ಬೆಟ್ಟ ಇಳಿದು ಬಂದು ಆಟಕ್ಕೆ ಕುಳಿತ, ಮರಗಳು ಮತ್ತೆ ಯೋಚನೆಗೆ ಬಿದ್ದವು. ಶಶಿ ಸುಮ್ಮನಿರದೆ ಹೋಗಿ ಆ ಅಡಿಕೆ ಯಂತ್ರದ ಹಿಂಬದಿ ನೋಡಿ ಬಂದಿದ್ದಾನೆ. ‘ಸಿಪ್ಪೆ ಬೀಳೋ ಪೆಟ್ಗೆ ಯಾವತ್ತೋ ತುಂಬೋಗೈತೆ ಕಣಣ್ಣಾ. ಜಾಗ ಐತಾ, ಜಾಗ ಐತಾ ಅಂತ ಒಂದೊಂದ್ ಅಡಿಕೆಗೂ ಕೇಳ್ತಾನೇ ಐತೆ ಮಿಷಿನ್ನು.’ ನಮ್ಮ ರಾಶಿಯೂ ಭಾರವೇ ಇರಬಹುದು, ಸಣ್ಣ ರಾಶಿಯಾಗಿರಲಿಲ್ಲ ಎಂಬುದು ನಮಗೆ ಹೆಮ್ಮೆಯ ಮಾತೇ. ಆದರೆ ಸರ್ವರಿನ ಮಾಲೀಕರ ಪೆಟ್ಟಿಗೆಯಲ್ಲಿ ಕೊಳೆಯುವ ಸಿಪ್ಪೆ ಸೊತ್ತು, ನೆಲದ ಮೇಲೆ ಪೂಜೆಗೆ ಕಾದಿರುವ ರಾಗಿ ಕಸ ಎಂಬ ಈ ಶಾಸ್ತ್ರವನ್ನು ತಾವು ಯಾವ ಗುರುಗಳಲ್ಲಿ ಕಲಿತಿರೆಂದು ತಿಳಿಸಿದರೆ ಅವರಿಗೂ ಒಂದು ಪತ್ರ ಬರೆಯುವ ಆಸೆಯಿದೆ.

ತಮ್ಮಲ್ಲಿ ಕೆಲವು ಅರಿಕೆಗಳಿವೆ. ಇನ್ನು ಮುಂದೆ ಹೊರಡುವ ಮುನ್ನ ಪಂಚಾಂಗ ನೋಡಿ ಹೊರಡಬೇಕು. ಕಣಕ್ಕೆ ಬರುವಾಗ ಚಪ್ಪಲಿ ಬಿಟ್ಟು ಬರಬೇಕು. ಕಾಲಿಲ್ಲದಿದ್ದರೆ ಕಾಲು ಮಾಡಿಸಿಕೊಂಡು, ಚಪ್ಪಲಿ ಹಾಕಿಕೊಂಡು, ಆಮೇಲೆ ಬಿಟ್ಟು ಬರಬೇಕು. ಗುಡಿಸಿದ ಕಾಳನ್ನು ಲೆಕ್ಕ ಹಾಕುವುದೇ ಆದರೆ ನಮ್ಮ ಕಡೆಯ ಪದ್ಧತಿಯಂತೆ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನಬೇಕು. ಒಯ್ದ ರಾಶಿಯಲ್ಲಿ ಹಕ್ಕಿಗಳ ಪಾಲೂ ಇತ್ತು, ಅದನ್ನಾದರೂ ಹಕ್ಕಿಗಳಿಗೆ ಹಿಂತಿರುಗಿಸಬೇಕು. ಹಾಗೆಯೇ ಒಂದೇ ಒಂದು ಸಲ, ಮಾಲೀಕರು ಊಟಕ್ಕೆ ಎದ್ದ ಹೊತ್ತು ನೋಡಿಕೊಂಡು, ಅವರ ಹಿತ್ತಲಿಗೂ ಪೊರಕೆ ತೋರಿಸಬೇಕು.

ಇಂತಿ, ತಮ್ಮ ಪೊರಕೆಗೆ ಒಂದು ಮಾರು ದೂರದಲ್ಲಿ ನಿಂತು ತಮ್ಮ ಮೇಲೆ ಇನ್ನೂ ವಿಶ್ವಾಸವಿಟ್ಟಿರುವ,
ಚನ್ನಬಸಪ್ಪ
ಅಜ್ಜಂಪುರ (ತಾಲ್ಲೂಕು ಕೇಂದ್ರ)

ಮರೆತ ಮಾತು: ಆಟದೊಳಗೆ ಮೂರೂ ಊರಿನ ದಾರಿ ಕೂಡುವಲ್ಲಿ ಒಂದು ಫಲಕವಿದೆ. ಭಾನುವಾರದೊಳಗೆ ತಮ್ಮ ಉತ್ತರವನ್ನು ಎಲ್ಲರಿಗೂ ಕಾಣುವಂತೆ ಅದರ ಮೇಲೆ ಬರೆಯಬೇಕು. ಕ್ಷಮೆ ಬೇಡ, ವಿವರಣೆ ಬೇಡ, ರಾಗಿಯೂ ಬೇಡ. ಸೋಮವಾರ ನಮ್ಮ ಕಣದಿಂದ ತಾವು ಗುಡಿಸಿದ್ದು ರಾಶಿಯೋ, ಕಸವೋ? ಒಂದು ಪದ ಸಾಕು. ಅತ್ತಿಗೆ ಮತ್ತೆ ಆರತಿ ಎತ್ತುವುದೂ ಬಿಡುವುದೂ ಅದರ ಮೇಲಿದೆ. ಆ ಪದವನ್ನು ಚೀಟಿಯಲ್ಲಿ ಬರೆದು ನೆಲದ ಮೇಲೆ ಮಾತ್ರ ಇಟ್ಟು ಹೋಗಬೇಡಿ. ಮರುಗಳಿಗೆಗೆ ತಾವೇ ಬಂದು ಅದನ್ನು ಅನಗತ್ಯ ಎನ್ನುತ್ತೀರಿ.