ಸಾಂಬ್ರಾಣಿ ಹಿಡಿದ ಹೊಗೆಸೊಪ್ಪು

ಒಂದು ವಸ್ತು ಇನ್ನೊಂದರೊಳಗೆ ಇಳಿಯುವುದಕ್ಕೆ, ತುಂಬುವುದಕ್ಕೆ, ಹರಡುವುದಕ್ಕೆ ಇಂಗ್ಲಿಷಿನವರು ಇಷ್ಟೊಂದು ಕ್ರಿಯಾಪದಗಳನ್ನು ಯಾಕೆ ಇಟ್ಟುಕೊಂಡರೋ ಕಾಣೆ. ಅವರ ದೇಶದಲ್ಲಿ ಸದಾ ಮಳೆಯಂತೆ, ಅದಕ್ಕೇ ಇರಬೇಕು. ಸೋಕ್, ಸ್ಯಾಚುರೇಟ್, ಪರ್ವೇಡ್, ಪರ್ಮಿಯೇಟ್, ಸಫ್ಯೂಸ್ ಎಂದು ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಪಾಠ ಮಾಡಿಯೇ ನನ್ನ ತಲೆ ನರೆತಿದೆ. ರೊಟ್ಟಿ ಸಾರು ಕುಡಿದರೆ ಸೋಕ್, ಊದುಬತ್ತಿಯ ಪರಿಮಳ ಮನೆಯೆಲ್ಲ ಹರಡಿದರೆ ಪರ್ವೇಡ್, ಸಂಜೆಯ ಕೆಂಪು ಆಕಾಶಕ್ಕೆ ಏರಿದರೆ ಸಫ್ಯೂಸ್ ಎನ್ನುತ್ತೇನೆ. ಕೊನೆಯದನ್ನು ಹೇಳುವಾಗ ನಾನೇ ಮೈಮರೆತು ಕಿಟಕಿಯಾಚೆ ನೋಡುತ್ತ ನಿಂತುಬಿಡುತ್ತೇನೆ. ಅಷ್ಟರಲ್ಲಿ ಹಿಂದಿನ ಬೆಂಚಿನವರು ಟಿಫನ್ ಡಬ್ಬಿ ಖಾಲಿ ಮಾಡಿರುತ್ತಾರೆ. ನನಗೆ ಈ ಪದಗಳ ಅರ್ಥ ಗೊತ್ತಿತ್ತೇ ಹೊರತು ಅನುಭವ ಇರಲಿಲ್ಲ. ಅದನ್ನು ಗೂಡ್ಸ್ ಆಟೋದಲ್ಲಿ ತಂದು ನಮ್ಮ ಮನೆಗೆ ಇಳಿಸಿದವನು ನನ್ನ ಬಾಮೈದ ಶಿವಣ್ಣ.

ಶಿವಣ್ಣ ಹೊಗೆಸೊಪ್ಪು ಬೆಳೆಯುವವನು. ಬ್ಯಾರನ್ನು ಎಂಬ ಬಿಸಿಗೂಡಿನಲ್ಲಿ ಕೋಲಿಗೆ ನೇತುಹಾಕಿ ಬೇಯಿಸಿ, ಬಣ್ಣ ನೋಡಿ ವಿಂಗಡಿಸಿ ಕಟ್ಟಿದ ಸೊಪ್ಪನ್ನು ಹರಾಜಿನವರೆಗೂ ಮನೆಯಲ್ಲೇ ಜೋಪಾನ ಮಾಡಬೇಕು. "ಭಾವ, ಮನೆ ಹಂಚು ಬಿಚ್ಚಿವ್ನಿ. ಮಂಜು ಬಿದ್ರೆ ಸೊಪ್ಪು ಕೆಟ್ಟೋಯ್ತದೆ. ನಾಕ್ ದಿನ ನಿಮ್ಮನೇಲಿ ಇಟ್ಕಳಿ," ಅಂದ. ಬಾಮೈದನಿಗೆ ಇಲ್ಲ ಅಂದು ಊಟ ಕಂಡವರುಂಟೇ? ಪಕ್ಕದ ರೂಮು ಸೂರಿನವರೆಗೆ ತುಂಬಿತು. ಆ ವರ್ಷದ ಅವನ ದುಡಿಮೆಯೆಲ್ಲ ಅಲ್ಲಿತ್ತು. ಹೊಸ ಹಂಚೂ ಅದರಿಂದಲೇ ಬರಬೇಕಿತ್ತು.

ವಾಸನೆ ಮೊದಲು ದಿಂಬಿಗೆ ಬಂತು, ಆಮೇಲೆ ಅಕ್ಕಿಗೆ, ಆಮೇಲೆ ವಿಭೂತಿಗಟ್ಟಿಗೂ ಬಂತು. ಜೇನು, ಒಣಹುಲ್ಲು, ಹಳೇ ಪೆಟ್ಟಿಗೆ ಎಲ್ಲ ಸೇರಿದಂಥ ಮಂಪರಿನ ವಾಸನೆ. ಉತ್ತರ ಪತ್ರಿಕೆ ತಿದ್ದಲು ಕೂತರೆ ಅಕ್ಷರಗಳು ಮೆಲ್ಲಗೆ ಮೇಲೇಳುತ್ತಿದ್ದವು. ಒಂದು ಭಾನುವಾರ ಮಧ್ಯಾಹ್ನ, ನಾನೇ ಬ್ಯಾರನ್ನಿನ ಕೋಲಿಗೆ ತಲೆಕೆಳಗಾಗಿ ನೇತುಬಿದ್ದು ನಿಧಾನವಾಗಿ ಹಳದಿಯಾಗುತ್ತಿರುವ ಕನಸು ಬಿತ್ತು. ಹಿತವಾಗಿತ್ತು ಎಂದು ಒಪ್ಪಿಕೊಳ್ಳಲು ನಾಚಿಕೆ. ಶಾಲೆಯಲ್ಲಿ, ಬೀಡಿಯನ್ನೂ ಮುಟ್ಟದ ನನ್ನ ಪಕ್ಕದಿಂದ ಹೆಡ್‌ಮಾಸ್ಟರು ಕುರ್ಚಿ ಸರಿಸಿಕೊಂಡರು. ಪರ್ಮಿಯೇಟ್ ಪದಕ್ಕೆ ಒಂದು ಉದಾಹರಣೆ ಕೊಡಿ ಎಂದು ಕೇಳಿದಾಗ ಹುಡುಗಿಯೊಬ್ಬಳು ಎದ್ದು, "ನಿಮ್ ಶರ್ಟು ಸಾ," ಎಂದಳು. ಪೂರ್ಣ ಅಂಕ ಕೊಡಬೇಕಾಯಿತು.

ನನ್ನ ಹೆಂಡತಿ ಗಿರಿಜೆಗೆ ಮಾತ್ರ ಇದೊಂದು ತೊಂದರೆಯೇ ಅಲ್ಲ. "ನಮ್ಮಪ್ಪನ ಟವಲ್ಲು ಹಿಂಗೇ ಇರೋದು ಕಣ್ರೀ. ಈಗೀಗ ನಂಗೆ ಒಳ್ಳೆ ನಿದ್ದೆ ಬತ್ತದೆ," ಅಂದಳು. ಮಾವನವರು ತೀರಿಕೊಂಡು ಬಹಳ ದಿನವಾಗಿರಲಿಲ್ಲ. ನಾನು ದಿಂಬು ಮಗುಚಿ ಹಾಕಿಕೊಂಡು ಮಲಗಿದೆ. ಆದರೆ ಅವಳು ಕೆ.ಆರ್. ನಗರದ ಚಿಕ್ಕಮ್ಮನ ಮನೆಗೆ ಹೋದ ದಿನ ನನ್ನ ಬುದ್ಧಿ ಓಡಿತು. ಧೂಪಾರತಿಯಲ್ಲಿ ಕೆಂಡ ಮಾಡಿ, ಧಾರಾಳವಾಗಿ ಸಾಂಬ್ರಾಣಿ ಸುರಿದು, ರೂಮಿನ ಬಾಗಿಲು ಹಾಕಿಕೊಂಡು ಬಂದೆ. ವಾಸನೆಯನ್ನು ವಾಸನೆಯಿಂದಲೇ ಓಡಿಸುತ್ತೇನೆಂಬ ಹೆಮ್ಮೆ ಬೇರೆ.

ಹರಾಜಿಗೆ ಒಯ್ಯಲು ಬಂದ ಶಿವಣ್ಣ ಒಂದು ಕಟ್ಟನ್ನು ಮೂಗಿಗೆ ಹಿಡಿದು ಬಹಳ ಹೊತ್ತು ನಿಂತ. "ಇದ್ಯಾಕ್ ಭಾವ, ಗುಡಿಯಂಗೆ ಗಮ್ಮಂತದೆ?" ಅಂದ. ನಾನು ಫ್ಯಾನು ನೋಡಿದೆ. ಅವನ ಸರದಿ ಅಂದೇ ಇದ್ದುದರಿಂದ ಹೇರಿಕೊಂಡು ಹೊರಟ. ತಪ್ಪಿತಸ್ಥನಾದ ನಾನೂ ಜೊತೆಗೆ ಹೋದೆ. ಹರಾಜು ಕಟ್ಟೆಯಲ್ಲಿ ಕೊಳ್ಳುವವರು ಸಾಲಾಗಿ ಬಂದು, ಹಿಡಿ ಸೊಪ್ಪೆತ್ತಿ ಮೂಸಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಂದೆ ಹೋದರು. "ದೇವ್ರಿಗೆ ಬುಡು ಯಜಮಾನ," ಎಂದು ಒಬ್ಬ ನಕ್ಕ. ಒಂದು ಕಟ್ಟಿಗೂ ಯಾರೂ ಬೆಲೆ ಕೂಗಲಿಲ್ಲ. ಶಿವಣ್ಣನ ಮುಖ ನೋಡಲಾಗದೆ ಅಲ್ಲೇ ಒಪ್ಪಿಕೊಂಡೆ. ಅವನು ಬೈದಿದ್ದರೆ ಹಗುರವಾಗುತ್ತಿತ್ತು. "ಇರ್ಲಿ ಬುಡಿ. ಗಾಳಿಗ್ ಹಾಕಣ. ಆದ್ರೆ ನಮ್ಮನೇಲಿ ಇನ್ನೂ ಸೂರಿಲ್ವಲ್ಲ," ಅಂದ. ಕಟ್ಟುಗಳು ಮತ್ತೆ ನಮ್ಮ ಮನೆಗೇ ಬಂದವು.

"ಅಲ್ರೀ, ಹೊಗೆಸೊಪ್ಪಿನ ಪಕ್ಕ ಹಿಂಗು ಇಟ್ರೂ ಹಿಂಗಿನ ವಾಸನೆ ಹಿಡೀತದೆ. ಅಷ್ಟೂ ತಿಳೀದ?" ಎಂದು ಗಿರಿಜೆ ಗದರಿ, ಸೆರಗು ಸಿಕ್ಕಿಸಿ ಕೂತಳು. ಕಟ್ಟು ಬಿಚ್ಚಿ ಹರವುವುದು, ಮಗುಚುವುದು, ಮೂಸುವುದು ನಮ್ಮ ದಿನಚರಿಯಾಯಿತು. ಶಾಲೆಯಿಂದ ಬಂದವನೇ ನಾನೂ ಅವಳ ಎದುರು ಕೂರುತ್ತಿದ್ದೆ. ಅವಳ ಕೈ ತಾನೇ ತಾನಾಗಿ ಓಡುತ್ತಿತ್ತು. ನಡುನಡುವೆ ಅವಳ ಅಪ್ಪ ಅವಳನ್ನು ಸೊಪ್ಪಿನ ರಾಶಿಯ ಮೇಲೆ ಮಲಗಿಸಿ ಕೆಲಸ ಮಾಡುತ್ತಿದ್ದುದನ್ನು ಹೇಳುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಕೇಳದೇ ಇದ್ದ ಕಥೆಗಳು.

ಕೊನೆಗೂ ಸಾಂಬ್ರಾಣಿ ವಾಸನೆ ಬಿಟ್ಟಿತು, ಸೊಪ್ಪು ಮಾರಿಹೋಯಿತು. ಶಿವಣ್ಣ ಫೋನು ಮಾಡಿ, "ಹಂಚು ಬಂದ್ವು ಭಾವ," ಅಂದ. ಖಾಲಿ ರೂಮಿನ ನೆಲ ಗುಡಿಸುತ್ತಿದ್ದ ಗಿರಿಜೆ ಪೊರಕೆ ಬದಿಗಿಟ್ಟು ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಕಂಡು ಕಣ್ಣೊರೆಸಿಕೊಂಡು, "ಕಿಟಕಿ ತೆಗೀರಿ, ವಾಸ್ನೆ ಹೋಗ್ಲಿ. ನಿಮ್ಗೂ ಸಾಕಾಗ್ಬುಟ್ಟದೆ," ಅಂದಳು.

ನಾನು ಚಿಲಕಕ್ಕೆ ಕೈ ಹಾಕಿ ಸ್ವಲ್ಪ ಹೊತ್ತು ತಿಣುಕಿದಂತೆ ಮಾಡಿ, ಬಿಗಿಯಾಗಿಬಿಟ್ಟಿದೆ, ಬಡಗಿಯನ್ನು ಕರೆಸಬೇಕು ಎಂದೆ.

ಬಡಗಿಗೆ ಇನ್ನೂ ಹೇಳಿ ಕಳಿಸಿಲ್ಲ.