ಅರ್ಧ ಬಟ್ಟಲಿನ ಮರ್ಯಾದೆ

ಜಗಳ ಶುರುವಾದದ್ದು ಒಂದು ಮೋಡದಿಂದ.

ಉತ್ತರದ ಬಿಶ್ಕೆಕ್‌ನ ವಿಮಾನ ಕಂಪನಿಯ ಗುರುತು ಬಿಳಿ ರೆಕ್ಕೆ, ದಕ್ಷಿಣದ ಓಶ್‌ನ ಕಂಪನಿಯದು ಹೊನ್ನಿನ ಮೋಡ. ಎರಡು ಕಂಪನಿಗಳೂ ಸೇರಿ ಒಂದಾದಾಗ, ಎದೆಗೆ ಚುಚ್ಚಿಕೊಳ್ಳುವ ಹೆಸರಿನ ಬಿಲ್ಲೆಯ ಮೇಲೆ ಎರಡನ್ನೂ ಅಚ್ಚು ಹಾಕಿಸಿದರು. ಮೇಲೆ ಮೋಡ, ಕೆಳಗೆ ರೆಕ್ಕೆ. ಅದನ್ನು ಮೊದಲು ಕಂಡವಳು ಬಿಶ್ಕೆಕ್‌ನ ಗಗನಸಖಿ ಬುರುಲ್.

"ಮೋಡ ಮೇಲೆ, ರೆಕ್ಕೆ ಕೆಳಗಾ? ಇದೇನು ಹಾರೋ ವಿಮಾನವೋ, ಬೀಳೋ ವಿಮಾನವೋ?"

ಅವಳು ಹಾಗೆಂದದ್ದೇ ತಡ, ಉತ್ತರದವರೆಲ್ಲ ಬಿಲ್ಲೆ ಕಿತ್ತು ಮೇಜಿನ ಮೇಲೆ ಎಸೆದರು. ತಿರುವುಮುರುವು ಮಾಡಿ ಅಚ್ಚು ಹಾಕಿಸಿದಾಗ ದಕ್ಷಿಣದವರು ಎಸೆದರು. ಮೂರನೆಯ ಸಲ ಅಚ್ಚಿನವನೇ ಎಸೆದ. ಹೀಗಾಗಿ ಹೊಸ ಕಂಪನಿಯಲ್ಲಿ ಯಾರ ಎದೆಯ ಮೇಲೂ ಹೆಸರಿರಲಿಲ್ಲ. ಉಳಿದ ಗುರುತೆಂದರೆ ಕೊರಳಿನ ಹಳೆಯ ಸ್ಕಾರ್ಫು: ಉತ್ತರದವರಿಗೆ ನೀಲಿ, ದಕ್ಷಿಣದವರಿಗೆ ಹಳದಿ.

ನಿಜ ಹೇಳಬೇಕೆಂದರೆ ಬುರುಲ್ ಧೈರ್ಯವಂತೆಯೇನಲ್ಲ. ಬಾಗಿಲಿಗೆ ಬೀಗ ಹಾಕಿ ಬಸ್ಸು ಹತ್ತಿದ ಮೇಲೆ, ಒಲೆ ಆರಿಸಿದೆನೋ ಇಲ್ಲವೋ ಎಂದು ಇಳಿದು ವಾಪಸ್ ಹೋಗುವ ಹೆಂಗಸು. ಆದರೆ ಅಂದು ಬಾಯಿ ತಪ್ಪಿ ಕೂಗಿದ್ದಕ್ಕೆ ನೀಲಿಯವರೆಲ್ಲ "ಬುರುಲ್ ಎಜೆ, ಬುರುಲ್ ಎಜೆ" ಎಂದು ಹಿರಿಯಕ್ಕನ ಪಟ್ಟ ಕಟ್ಟಿ ಮುಂದೆ ನಿಲ್ಲಿಸಿಬಿಟ್ಟಿದ್ದರು. ಇಳಿಯಲು ಬಾರದೆ ಕುದುರೆಯ ಮೇಲೇ ಕೂತವಳನ್ನು ಜನ ಸವಾರಳೆಂದುಕೊಂಡ ಹಾಗೆ ಅವಳು ನಾಯಕಿಯಾಗಿದ್ದಳು.

ಸಿಬ್ಬಂದಿಯ ಕೋಣೆಯಲ್ಲಿ ಎರಡು ಚಹಾದಾನಿಗಳಿದ್ದವು. ನೀಲಿಯವರದು ಹಾಲು ಹಾಕಿ ಕುಡಿಯುವ ಕಪ್ಪು ಚಹಾ, ಹಳದಿಯವರದು ಹಸಿರು ಚಹಾ. ಎರಡೂ ಕಡೆಯವರು ಒಪ್ಪುತ್ತಿದ್ದ ಸಂಗತಿ ಒಂದೇ: ಬಟ್ಟಲಿಗೆ ಅರ್ಧವಷ್ಟೇ ಸುರಿಯಬೇಕು. ಅರ್ಧ ಸುರಿದರೆ, ಕೂತಿರಿ, ಮತ್ತೆ ಮತ್ತೆ ಕೊಡುತ್ತೇನೆ ಎಂದರ್ಥ. ತುಂಬಿಸಿದರೆ, ಕುಡಿದು ಎದ್ದುಹೋಗಿ ಎಂದರ್ಥ.

ಈಗ ಮುಖ್ಯ ಗಗನಸಖಿಯರು ಇಬ್ಬರು, ಹುದ್ದೆ ಒಂದು. ಬುರುಲ್ ಇಲ್ಲವೇ ಓಶ್‌ನ ಸೋನುನ್. ಹೊಸ ನಿರ್ದೇಶಕರು ಅಂದು ಬೆಳಿಗ್ಗೆ ಅವರಿಬ್ಬರ ವಿಮಾನದಲ್ಲೇ ಓಶ್‌ಗೆ ಹೋಗಿ, ಕಣ್ಣಾರೆ ಕಂಡು ತೀರ್ಮಾನಿಸುವವರಿದ್ದರು.

ಹೊರಡುವ ಮುಂಚೆ, ಯಾರಿಗೆ ಯಾವ ವಿಮಾನವೆಂದು ಹಂಚುವ ಕುಬಾನ್ ಬಾಯ್ಕೆ ಬಾಗಿಲ ಮರೆಯಿಂದ ಕೈಸನ್ನೆ ಮಾಡಿದ. ಬಾಯ್ಕೆ ಎಂದರೆ ಅಣ್ಣ. ಆದರೆ ಈ ಅಣ್ಣನಿಗೆ ಅಕ್ಕಪಕ್ಕದವರ ವಿಷಯವಿಲ್ಲದೆ ಊಟ ಸೇರುತ್ತಿರಲಿಲ್ಲ.

"ಬುರುಲ್, ಇಲ್ಲಿ ಬಾರಮ್ಮ. ನಾನು ಹೇಳ್ದೆ ಅನ್ಬೇಡ."

"ನೀವೇ ಊರಿಗೆಲ್ಲ ಹೇಳ್ತೀರಿ, ನಾನ್ಯಾಕೆ ಹೇಳಲಿ ಬಾಯ್ಕೆ?"

"ನಿರ್ದೇಶಕರದ್ದು ಉಜ್ಗೆನ್ ರಕ್ತ. ದಕ್ಷಿಣದ್ದು. ಹಳದಿ ಕಂಡ್ರೆ ಕರಗಿ ಹೋಗ್ತಾರಂತೆ. ನಿನ್ನ ಕೊರಳು ನೋಡಿದ್ರೆ ನಂಗೆ ಭಯ ಆಗುತ್ತಮ್ಮ."

ಬುರುಲ್‌ಗೆ ಬೇರೆಯವರ ಭಯವೂ ಬೇಗ ಅಂಟುತ್ತಿತ್ತು. ಒಂದಾದ ಕಂಪನಿಗೆ ಒಂದೇ ಬೀರು. ಅದರಲ್ಲಿ ಎಲ್ಲರ ಹೆಚ್ಚಿನ ಸ್ಕಾರ್ಫುಗಳ ನಡುವೆ ಸೋನುನ್‌ಳ ಇನ್ನೊಂದು ಹಳದಿಯೂ ನೇತಾಡುತ್ತಿತ್ತು. ಹೇಗೂ ಪುಟ್ಟ ವಿಮಾನ, ಸೇವೆಗೆ ಇಬ್ಬರೇ. ನೀಲಿಯವರು ಯಾರೂ ನೋಡುವುದಿಲ್ಲ. 'ಇದು ಪಕ್ಷಾಂತರವಲ್ಲ, ನಮ್ಮವರ ಹಿತಕ್ಕಾಗಿಯೇ' ಎಂದು ತನಗೆ ತಾನೇ ಭಾಷಣ ಮಾಡಿಕೊಂಡು ನೀಲಿ ಬಿಚ್ಚಿ ಹಳದಿ ಕಟ್ಟಿಕೊಂಡು, ಅದನ್ನು ಕೋಟಿನ ಕಾಲರಿನಡಿ ಬಚ್ಚಿಟ್ಟು, ವಿಮಾನದ ಮೆಟ್ಟಿಲು ಹತ್ತಿದಳು.

ಬಾಗಿಲಲ್ಲಿ ಸೋನುನ್ ನಿಂತಿದ್ದಳು. ಕೊರಳಲ್ಲಿ ನೀಲಿ ಸ್ಕಾರ್ಫು. ಅದರ ಮೂಲೆಯ ಚಹಾ ಕಲೆಯನ್ನು ಬುರುಲ್ ಎಲ್ಲಿದ್ದರೂ ಗುರುತಿಸಬಲ್ಲಳು. ಆ ಕಲೆ ಮಾಡಿದವಳೇ ಅವಳು.

"ಏನ್ರೀ ಸೋನುನ್, ನನ್ನ ಸ್ಕಾರ್ಫು ನಿಮ್ಮ ಕೊರಳಿಗೆ ಹೇಗೆ ಬಂತು?"

"ನನ್ನದು ನಿಮ್ಮ ಕೊರಳಿಗೆ ಬಂದ ದಾರೀಲೇ ಬಂತು, ಎಜೆ."

"ನಿಮಗೂ ಕುಬಾನ್ ಬಾಯ್ಕೆ..."

"ತಲಾಸ್ ರಕ್ತ ಅಂದ್ರು. ಉತ್ತರದ್ದು ಅಂದ್ರು."

"ಬಿಚ್ಚಿ ಕೊಡಿ."

"ನೀವು ಮೊದಲು ಬಿಚ್ಚಿ."

ಇಬ್ಬರ ಕೈಗಳೂ ಗಂಟಿಗೆ ಹೋಗುವಷ್ಟರಲ್ಲಿ ನಿರ್ದೇಶಕರು ಮೆಟ್ಟಿಲು ಹತ್ತಿ ಬಂದೇಬಿಟ್ಟರು. ಗಂಟಿಗೆ ಹೋದ ಕೈಗಳು ಎದೆಯ ಮೇಲಿಳಿದು ಸಲಾಂ ಮಾಡಿದವು.

ಹಳದಿ ಕಟ್ಟಿದ ಮೇಲೆ ಹಸಿರು ಚಹಾವೇ ಗತಿ. ಗುಡ್ಡ ದಾಟುವಾಗ ವಿಮಾನ ಹೇಸರಗತ್ತೆಯ ಹಾಗೆ ಕುಣಿಯುತ್ತಿದ್ದರೂ ಬುರುಲ್ ಒಂದು ಹನಿಯೂ ಚೆಲ್ಲಲಿಲ್ಲ. ಬಲಗೈಯಲ್ಲಿ ಬಟ್ಟಲು, ಎಡಗೈ ಎದೆಯ ಮೇಲೆ, ಸರಿಯಾಗಿ ಅರ್ಧ. ನಿರ್ದೇಶಕರು ಕುಡಿದರು, ಮತ್ತರ್ಧ ಸುರಿದಳು. ಓಶ್‌ನವರ ಹಾಗೆ ಮಾತನ್ನು ಎಳೆದೂ ನೋಡಿದಳು.

"ಇನ್ನೂ ಸ್ವಲ್ಪಾ ತೊಗೊಳ್ಳೀ ಸರ್..."

"ಆಹಾ, ಇದು ಮರ್ಯಾದೆ ಅಂದ್ರೆ!" ಎಂದರು ನಿರ್ದೇಶಕರು. "ಎಲ್ಲಿ, ನೀಲಿಯವರ ಚಹಾನೂ ನೋಡೋಣ."

ಸೋನುನ್ ಹುಟ್ಟಿದ ಮೇಲೆ ಹಾಲಿನ ಚಹಾ ಮಾಡಿದವಳಲ್ಲ. ಹಾಲು ಮೊದಲು ಹಾಕಬೇಕೆಂಬುದು ಅವಳಿಗೆ ತಿಳಿಯದು. ಅಭ್ಯಾಸದಂತೆ ಮೊದಲು ಅರ್ಧ ಬಟ್ಟಲು ಚಹಾ ಸುರಿದಳು. ಆಮೇಲೆ ಹಾಲಿನ ನೆನಪಾಯಿತು. ಸುರಿದಳು. ಬಟ್ಟಲು ಕಂಠದವರೆಗೂ ತುಂಬಿತು. ಅದೇ ಹೊತ್ತಿಗೆ ಹೇಸರಗತ್ತೆ ಒಮ್ಮೆ ಒದೆಯಿತು. ಕಂಠ ದಾಟಿದ್ದು ನಿರ್ದೇಶಕರ ತೊಡೆಯ ಮೇಲೆ ಬಿತ್ತು.

ನಿರ್ದೇಶಕರು ಬಟ್ಟಲನ್ನೂ ಕಿಟಕಿಯಾಚೆಯ ಹಿಮದ ಬೆಟ್ಟಗಳನ್ನೂ ನೋಡಿದರು. "ಏನಮ್ಮ, ಕುಡಿದು ಇಳಿದು ಹೋಗು ಅಂತೀಯಾ? ಇಲ್ಲಿ ಎಲ್ಲಿಗೆ ಇಳೀಲಿ?"

ಪರದೆಯ ಹಿಂದೆ ಬುರುಲ್ ತುಟಿ ಕಚ್ಚಿ ನಗು ತಡೆದಳು. ಒಂದು ಗಳಿಗೆ ಪಾಪ ಅನ್ನಿಸಿತು. ಹಾಲು ಮೊದಲು ಎಂದು ಹೇಳಬಹುದಿತ್ತು. ಹೇಳದೇ ಇದ್ದದ್ದಕ್ಕೆ, ಬಿಡುವಿರಲಿಲ್ಲ ಎಂಬ ಕಾರಣವನ್ನೂ ತಕ್ಷಣ ಹುಡುಕಿಕೊಂಡಳು.

ಓಶ್‌ನಲ್ಲಿ ಇಳಿಯುವಾಗ ನಿರ್ದೇಶಕರು ಅವಳ ಮುಂದೆ ನಿಂತರು. "ಸರ್, ನನ್ನ ಹೆಸರು..." ಎಂದು ಬುರುಲ್ ಶುರುಮಾಡಿದಳು.

"ಹೆಸರು ಬೇಡ ಕಣಮ್ಮ. ನೀನ್ಯಾರು ಅಂತ ನನಗೆ ಚೆನ್ನಾಗಿ ಗೊತ್ತು."

ನಿರ್ದೇಶಕರಿಗೆ ನಾನು ಗೊತ್ತು! ವಾಪಸ್ ಬರುವಾಗ ಅವಳಿಗೆ ವಿಮಾನದ ಅಗತ್ಯವೇ ಇರಲಿಲ್ಲ, ಹಾಗೇ ಹಾರಿಬಿಡಬಹುದಿತ್ತು. ಬಿಶ್ಕೆಕ್‌ನಲ್ಲಿ ಇಳಿಯುವ ಮುಂಚೆ ಇಬ್ಬರೂ ಮಾತಿಲ್ಲದೆ ಸ್ಕಾರ್ಫು ಅದಲುಬದಲು ಮಾಡಿಕೊಂಡರು.

ಸಿಬ್ಬಂದಿಯ ಕೋಣೆಯಲ್ಲಿ ಎರಡೂ ಬಣ್ಣದವರು ಕಿಕ್ಕಿರಿದಿದ್ದರು. ಕುಬಾನ್ ಬಾಯ್ಕೆ ಆಗಷ್ಟೇ ಫೋನು ಕೆಳಗಿಟ್ಟು, ಕುರ್ಚಿಯ ಮೇಲೆ ಹತ್ತಿ ನಿಂತ.

"ನಿರ್ದೇಶಕರ ತೀರ್ಮಾನ ಬಂತು! ಮುಖ್ಯ ಗಗನಸಖಿ ಯಾರಪ್ಪಾ ಅಂದ್ರೆ, ಹಳದಿ ಸ್ಕಾರ್ಫಿನಾಕೆ ಅಂದ್ರು. ಅಂದ್ರೆ ನಮ್ಮ ಸೋನುನ್! ಅರ್ಧ ಬಟ್ಟಲು ಹಾಕೋ ಕೈ ಅಂದ್ರೆ ಆಕೇದು ಅಂತ ಹೊಗಳಿದ್ದೇ ಹೊಗಳಿದ್ದು."

ಹಳದಿಯವರು ಸೂರು ಹಾರುವಂತೆ ಕಿರುಚಿದರು.

"ತಡೀರಿ, ಇನ್ನೂ ಇದೆ. ನೀಲಿ ಸ್ಕಾರ್ಫಿನಾಕೆಗೆ ಬಟ್ಟಲು ಹಿಡಿಯೋಕೂ ಬರಲ್ಲವಂತೆ. ಸೋನುನ್ ಆಕೆಗೆ ಚಹಾ ಸುರಿಯೋದು ಕಲಿಸ್ಬೇಕಂತೆ."

"ಅನ್ಯಾಯ!" ನೀಲಿಯವರು ಬುರುಲ್‌ಳನ್ನು ಸುತ್ತುವರಿದರು. "ನಮ್ಮ ಎಜೆ ನೀಲಿ ಕಟ್ಟಿದ್ದಕ್ಕೇ ಈ ಗತಿ! ಹೇಳಿ ಎಜೆ, ಏನೇ ಆದ್ರೂ ನೀಲಿ ಬಿಡಲ್ಲ ಅಂತ ಅವರ ಮುಖಕ್ಕೇ ಹೇಳಿ!"

ಬುರುಲ್ ಬಾಯಿ ತೆರೆದಳು. ಆ ಕೈ ನನ್ನದು ಎನ್ನಬೇಕಾದರೆ ಆ ಹಳದಿಯೂ ನನ್ನದೇ ಎನ್ನಬೇಕು. ಎದೆಯ ಮೇಲೊಂದು ಹೆಸರಿನ ಬಿಲ್ಲೆ ಇದ್ದಿದ್ದರೆ! ಅದನ್ನು ಮೊದಲು ಕಿತ್ತೆಸೆಯುವಂತೆ ಮಾಡಿದವಳು ಯಾರೆಂಬುದೂ ನೆನಪಾಯಿತು.

"ಬಿಡಲ್ಲ," ಎಂದಳು. ಧ್ವನಿ ತಣ್ಣಗಾದ ಚಹಾದಂತಿತ್ತು. ನೀಲಿಯವರು ಚಪ್ಪಾಳೆ ತಟ್ಟಿದರು.

ಆಮೇಲೆ ಅವಳು ಕುಬಾನ್ ಬಾಯ್ಕೆಯನ್ನು ಮೂಲೆಗೆ ಎಳೆದು, ಎದುರಿಗೆ ಕೂತಳು. "ಉಜ್ಗೆನ್ ಅಂದ್ರಿ ನಂಗೆ. ಅವಳಿಗೆ ತಲಾಸ್ ಅಂದ್ರಿ. ಯಾವುದು ನಿಜ?"

"ಎರಡೂ ನಿಜಾನೇ. ಅವರ ತಾಯಿ ಉಜ್ಗೆನ್, ತಂದೆ ತಲಾಸ್."

"ಪೂರ್ತಿ ಹೇಳೋಕೆ ಏನಾಗಿತ್ತು?"

ಕುಬಾನ್ ಬಾಯ್ಕೆ ನೊಂದವನಂತೆ ನೋಡಿದ. "ನೀನು ಮರ್ಯಾದಸ್ಥೆ ಕಣಮ್ಮ. ಮರ್ಯಾದಸ್ಥರಿಗೆ ಯಾರಾದ್ರೂ ಪೂರ್ತಿ ಸುರೀತಾರಾ? ಅರ್ಧವೇ ಹಾಕ್ದೆ."

ಅಷ್ಟರಲ್ಲಿ ಹೊಸ ಮುಖ್ಯ ಗಗನಸಖಿ ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟುಕೊಂಡು ಬಂದಳು.

"ತೊಗೊಳ್ಳಿ ಎಜೆ. ನಿಮಗೆ ಇಷ್ಟ ಅಂತ ಹಾಲು ಹಾಕೇ ತಂದೆ."

ಬುರುಲ್ ನೋಡಿದಳು. ಬಟ್ಟಲು ಕಂಠದವರೆಗೂ ತುಂಬಿತ್ತು. ಗೊತ್ತಿಲ್ಲದೆ ತುಂಬಿದಳೋ, ಗೊತ್ತಿದ್ದೇ ತುಂಬಿದಳೋ ಎಂದು ಅವಳ ಮುಖವನ್ನು ನೋಡಿದಳು. ಅಲ್ಲಿ ಬರೀ ಮುಗುಳ್ನಗೆಯಿತ್ತು. ಬುರುಲ್ ಬಟ್ಟಲನ್ನು ಒಂದೇ ಉಸಿರಿಗೆ ಕುಡಿದು ಮುಗಿಸಿ, ಎದ್ದು ಮನೆಗೆ ಹೊರಟಳು.